ಬಾರದ ಜ್ವರಕ್ಕೊಂದು ಪತ್ರ

ಎಂಬತ್ತಕ್ಕೆ ಒಂಬತ್ತು.

ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯ ಅಂಕಪಟ್ಟಿ ಸ್ಟಾಫ್ ರೂಮಿನ ಮೇಜಿನ ಮೇಲೆ ಬಂದು ಬಿದ್ದಾಗ ನನ್ನ ಕಣ್ಣು ಮೊದಲು ಹೋದದ್ದು ಎರ್ಮಾಳಿನ ಹುಡುಗಿಯ ಸಾಲಿಗೇ. ಸಮಾಜ ವಿಜ್ಞಾನದಲ್ಲಿ ಒಂಬತ್ತು, ವಿಜ್ಞಾನದಲ್ಲಿ ಹನ್ನೊಂದು. ಉಳಿದ ನಾಲ್ಕು ವಿಷಯಗಳಲ್ಲಿ ಹುಡುಗಿ ಹೇಗೋ ದಡ ಸೇರಿದ್ದಳು. ಮುಳುಗಿದ್ದು ನನ್ನ ಕೈಯಲ್ಲಿದ್ದ ಎರಡರಲ್ಲಿ ಮಾತ್ರ. ಚಹಾದ ಲೋಟವನ್ನು ಎಷ್ಟು ಜೋರಾಗಿ ಕುಕ್ಕಿದೆನೆಂದರೆ ಅರ್ಧ ಚಹಾ ಹಾಜರಿ ಪುಸ್ತಕದ ಮೇಲೆ ಚೆಲ್ಲಿತು. ಹಿಂದಿ ಟೀಚರ್ ಒರೆಸಿದರು. ನನ್ನ ಸಿಟ್ಟು ಶಾಲೆಗೆಲ್ಲ ಗೊತ್ತಿರುವ ಸಂಗತಿ.

ನಾನು ಸಮಾಜ ವಿಜ್ಞಾನದ ಟೀಚರ್. ಕಾರ್ಕಳದಿಂದ ಬೆಳಗಿನ ಮೊದಲ ಬಸ್ಸು ಹಿಡಿದು, ಪಡುಬಿದ್ರಿಯಲ್ಲಿ ಇಳಿದು, ಅಲ್ಲಿಂದ ಹೆದ್ದಾರಿಯ ಇನ್ನೊಂದು ಬಸ್ಸಿನಲ್ಲಿ ಕಾಪು ಕಡೆಗೆ ಬರುವವಳು. ನಮ್ಮದು ಅನುದಾನಿತ ಪ್ರೌಢಶಾಲೆ. ವಿಜ್ಞಾನದ ಮಾಸ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿ ಬಿದ್ದಿದೆ. ವಾರಕ್ಕೆ ಮೂರು ದಿನ ಒಬ್ಬರು ಅತಿಥಿ ಶಿಕ್ಷಕಿ ಬಂದು ಪಾಠ ಮಾಡಿ ಓಡುತ್ತಾರೆ. ಹಿಂದುಳಿದ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. 'ಹೆಸರಿನಲ್ಲಿ ವಿಜ್ಞಾನ ಉಂಟಲ್ಲ ಟೀಚರ್, ಸಮಾಜ ವಿಜ್ಞಾನ' ಎಂದು ಹೆಡ್‌ಮಾಸ್ಟ್ರು ನಕ್ಕಿದ್ದರು. ಆ ನಗು ನೆನಪಾದರೆ ಈಗಲೂ ಮೈ ಉರಿಯುತ್ತದೆ.

ನಮ್ಮಲ್ಲಿ ದತ್ತು ಯೋಜನೆ ಎಂದೊಂದಿದೆ. ಫೇಲಾಗುವ ಭಯವಿರುವ ಮಕ್ಕಳನ್ನು ಟೀಚರುಗಳು ಹಂಚಿಕೊಳ್ಳಬೇಕು, ಬೆಳಗ್ಗೆ ಐದಕ್ಕೆ ಫೋನು ಮಾಡಿ ಎಬ್ಬಿಸಬೇಕು, ಓದಿದ್ದಾರೋ ಎಂದು ಕೇಳಬೇಕು. ನನ್ನ ಪಾಲಿಗೆ ಆರು ಮಕ್ಕಳು. ಐದು ಗಂಟೆಗೆ ಆರು ಫೋನು, ಒಲೆಯ ಮೇಲೆ ಗಂಜಿ, ಆರೂಕಾಲಿಗೆ ಬಸ್ಸು. ಒಂದೊಂದು ಮಗುವಿಗೆ ನಾಲ್ಕು ನಿಮಿಷ ಸಿಕ್ಕಿದರೆ ಹೆಚ್ಚು. ಅದಕ್ಕಾಗಿ ನಾನೊಂದು ಉಪಾಯ ಮಾಡಿದ್ದೆ, ಮತ್ತು ಆ ಉಪಾಯದ ಬಗ್ಗೆ ನನಗೆ ಬಹಳ ಹೆಮ್ಮೆ ಇತ್ತು.

ಹಳೆಯ ಪ್ರಶ್ನೆಪತ್ರಿಕೆಗಳನ್ನೆಲ್ಲ ಜಾಲಾಡಿ ನೂರು ಪ್ರಶ್ನೆ ಆರಿಸಿದೆ. ಒಂದರಿಂದ ನಲವತ್ತು ವಿಜ್ಞಾನ. ನಲವತ್ತೊಂದರಿಂದ ಎಪ್ಪತ್ತೈದು ಇತಿಹಾಸ ಮತ್ತು ರಾಜ್ಯಶಾಸ್ತ್ರ. ಉಳಿದದ್ದು ಅರ್ಥಶಾಸ್ತ್ರ. ಪ್ರತಿಯೊಂದಕ್ಕೂ ಎರಡು ಸಾಲಿನ ಉತ್ತರ. ಜೆರಾಕ್ಸ್ ಮಾಡಿ, ಪಿನ್ನು ಹೊಡೆದು, ಮಕ್ಕಳಿಗೆ ಕೊಟ್ಟೆ. ಫೋನಿನಲ್ಲಿ ಪ್ರಶ್ನೆ ಓದುತ್ತಾ ಕೂತರೆ ನನ್ನ ಬಸ್ಸು ಹೋಗುತ್ತದೆ. ಹಾಗಾಗಿ ನಂಬರು ಮಾತ್ರ ಹೇಳುವುದು. "ಹನ್ನೆರಡು?" ಎಂದರೆ ಅತ್ತ ಕಡೆಯಿಂದ ಉತ್ತರ ಸರಸರನೆ ಬರಬೇಕು. "ಐವತ್ಮೂರು?" ಎಂದರೆ ಐವತ್ಮೂರರದ್ದು. ತರಗತಿಯ ಕಿರುಪರೀಕ್ಷೆಗಳನ್ನೂ ಅದೇ ಪುಸ್ತಕದಿಂದ, ಅದೇ ನಂಬರಿನಲ್ಲೇ ಕೊಡುತ್ತಿದ್ದೆ. ತಿದ್ದಲಿಕ್ಕೆ ಸುಲಭ. 'ನಂಬರೊಂದು ಸರಿ ಇದ್ದರೆ ಸಾಕು, ಬೇರೆ ಎಂತ ಯೋಚನೆ ಮಾಡಬೇಡಿ' ಎಂದು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೇನೋ.

ಎರ್ಮಾಳಿನ ಹುಡುಗಿ ಇದರಲ್ಲಿ ಎಲ್ಲರಿಗಿಂತ ಮುಂದೆ. ಫೋನೆತ್ತಿದ ಕೂಡಲೇ ನಿದ್ದೆಗಣ್ಣಿಲ್ಲದ ಸ್ವರ. ಒಂದೇ ಒಂದು ನಂಬರು ತಪ್ಪುತ್ತಿರಲಿಲ್ಲ. ಅಂಥವಳು ಒಂಬತ್ತು ತೆಗೆದದ್ದು ಹೇಗೆ? ಕೊಬ್ಬು, ಬೇರೆ ಎಂತದೂ ಅಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ.

ಹೆಡ್‌ಮಾಸ್ಟ್ರು ಮಧ್ಯಾಹ್ನ ಕರೆದರು. ಮೆತ್ತಗಿನ ಮನುಷ್ಯ. ಯಾರ ಮೇಲೂ ದನಿ ಏರಿಸಿದ್ದು ನಾನು ನೋಡಿಲ್ಲ. ಅವರ ಬೆನ್ನ ಹಿಂದಿನ ಗೋಡೆಯಲ್ಲಿ ಒಂಬತ್ತು ಫೋಟೊ. ಸತತ ಒಂಬತ್ತು ವರ್ಷ ಶೇಕಡಾ ನೂರು ಫಲಿತಾಂಶ, ಪ್ರತಿ ವರ್ಷ ಹೆದ್ದಾರಿಯ ಬದಿಯಲ್ಲಿ ಫ್ಲೆಕ್ಸು, ಅದರ ಮುಂದೆ ನಿಂತು ನಾವೆಲ್ಲ ಹಲ್ಲು ಕಿರಿದ ಫೋಟೊ.

"ಟೀಚರ್, ನನಗೆ ಇನ್ನು ಒಂದೇ ವರ್ಷ ಸರ್ವಿಸ್ ಇರುವುದು. ನೂರರಲ್ಲೇ ಇಳೀಬೇಕು ಅಂತ ಆಸೆ," ಎಂದರು. "ಆ ಎರ್ಮಾಳಿನ ಮಗು ಎರಡನೇ ಪರೀಕ್ಷೆಗೆ ಬರೀಲಿ. ಬೇಡ ಅಂತ ಯಾರು ಹೇಳಿದ್ದು? ಮೊದಲನೇದಕ್ಕೆ ಮಾತ್ರ ಬೇಡ."

ನನಗೆ ಅರ್ಥವಾಯಿತು. ಅರ್ಥವಾಗದೇ ಇರಲು ನಾನೇನು ಹೊಸಬಳಲ್ಲ. ಹತ್ತನೆಯವರಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಆದರೆ ಪೇಪರಿನಲ್ಲಿ ಬರುವುದು, ಶಾಲೆ ಶಾಲೆಗಳ ನಡುವೆ ಪೈಪೋಟಿ ನಡೆಯುವುದು ಮೊದಲನೆಯದರ ಮೇಲೆ. ಪರೀಕ್ಷೆಗೆ ಹಾಜರಾದವರಲ್ಲಿ ಎಷ್ಟು ಜನ ಪಾಸು ಎಂದು ಲೆಕ್ಕ. ಗೈರುಹಾಜರಾದವರು ಲೆಕ್ಕಕ್ಕೇ ಇಲ್ಲ. ಹಾಗಾಗಿ ನಮ್ಮ ಶಾಲೆಯಲ್ಲಿ ಪ್ರತಿ ವರ್ಷ ಪರೀಕ್ಷೆಯ ಸಮಯದಲ್ಲಿ ಒಂದು ಮಗುವಿಗೋ ಎರಡು ಮಕ್ಕಳಿಗೋ ತಪ್ಪದೆ ಜ್ವರ ಬರುತ್ತದೆ. ಜ್ವರ ಬರುವ ಒಂದು ತಿಂಗಳು ಮೊದಲೇ ಅದರ ಪತ್ರ ತಯಾರಾಗುತ್ತದೆ. ತಂದೆಯೋ ತಾಯಿಯೋ ಸಹಿ ಹಾಕುತ್ತಾರೆ. ದಿನಾಂಕದ ಜಾಗ ಖಾಲಿ ಬಿಡುತ್ತಾರೆ.

"ನೀವೇ ಬರೆದುಬಿಡಿ ಟೀಚರ್," ಎಂದರು. "ನಿಮ್ಮ ಅಕ್ಷರ ದುಂಡಗೆ ಉಂಟು, ಹೆತ್ತವರಿಗೆ ಓದಲಿಕ್ಕೆ ಸುಲಭ."

ಬರೆದೆ. ಮುಚ್ಚಿಟ್ಟು ಏನಾಗಬೇಕು? ಅದಕ್ಕೂ ಹಿಂದಿನ ವರ್ಷ ಶಿರ್ವದ ಕಡೆಯ ಒಬ್ಬಳಿಗೆ ಇಂಥದೇ ಪತ್ರ ಬರೆದವಳು ನಾನೇ, ಅದಕ್ಕಿಂತ ಹಿಂದೆಯೂ ಬರೆದಿದ್ದೆ. 'ನನ್ನ ಮಗಳು ತೀವ್ರ ಜ್ವರದಿಂದ ಬಳಲುತ್ತಿರುವುದರಿಂದ ಪರೀಕ್ಷೆಗೆ ಹಾಜರಾಗಲು ಸಾಧ್ಯವಿಲ್ಲ. ಇದು ನನ್ನ ಸ್ವಂತ ತೀರ್ಮಾನ.' ಕೈಗೆ ಬಾಯಿಪಾಠವಾಗಿತ್ತು. ಎರಡನೇ ಪರೀಕ್ಷೆಗೆ ಬರೀಲಿ ಎನ್ನುವುದು ನೆಪ. ಒಮ್ಮೆ ಹೊರಗೆ ಹಾಕಿದ ಮಗು ಮತ್ತೆ ಬಂದು ಫಾರ್ಮು ತುಂಬಿದ್ದು ನಾನು ಕಂಡಿಲ್ಲ. ಶಿರ್ವದವಳೂ ಬರಲಿಲ್ಲ.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಎರ್ಮಾಳಿಗೆ ಹೋದೆ. ಚೀಲದಲ್ಲಿ ಪತ್ರ, ಜೊತೆಗೆ ಹುಡುಗಿಯ ಸಮಾಜ ವಿಜ್ಞಾನದ ಉತ್ತರಪತ್ರಿಕೆ ಮತ್ತು ಪ್ರಶ್ನೆಪತ್ರಿಕೆ. ನಮ್ಮ ಮಕ್ಕಳ ಪೇಪರನ್ನು ಬೇರೆ ಶಾಲೆಯವರು ತಿದ್ದುವ ಕ್ರಮ. ಕಟ್ಟು ಹಿಂದಕ್ಕೆ ಬಂದು ಎರಡು ದಿನವಾಗಿದ್ದರೂ ನಾನು ಬಿಡಿಸಿ ನೋಡಿರಲಿಲ್ಲ. ತಾಯಿ ತಕರಾರು ತೆಗೆದರೆ ಮುಖಕ್ಕೆ ಹಿಡಿಯಲಿಕ್ಕೆಂದು ತಂದದ್ದು.

ತಾಯಿ ಮೀನು ಮಾರುವವರು. ಬೆಳಗಿನ ಜಾವ ಟೆಂಪೊದಲ್ಲಿ ಮಲ್ಪೆಗೆ ಹೋಗಿ, ಏಲಂ ಕೂಗಿ ಮೀನು ಕೊಂಡು, ಮನೆಮನೆ ತಿರುಗಿ, ಮಧ್ಯಾಹ್ನಕ್ಕೆ ಮನೆ ಸೇರುತ್ತಾರೆ. ನಾನು ಹೋದಾಗ ನಲ್ಲಿಯ ಹತ್ತಿರ ಪ್ಲಾಸ್ಟಿಕ್ ಟಬ್ಬು ತಿಕ್ಕುತ್ತಿದ್ದರು. ನಾವಿಬ್ಬರೂ ಮಾತಾಡಿದ್ದು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಟೀಚರ್, ಬನ್ನಿ ಬನ್ನಿ. ಬೆಳಿಗ್ಗೆ ಫೋನ್ ಬಂದಿತ್ತಂತೆ ಅಲ್ವಾ? ಮತ್ತೆ ನೀವೇ ಬಂದದ್ದು ಎಂತ?"

ನಾನು ಪೀಠಿಕೆ ಹಾಕದೆ ಪತ್ರ ಕೊಟ್ಟೆ. ಏಳನೆಯವರೆಗೆ ಓದಿದವರಂತೆ. ಕೈ ಒರೆಸಿಕೊಂಡು, ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು. ಓದಿ ಮುಗಿಸಿ ನನ್ನ ಮುಖ ನೋಡಿದರು.

"ಜ್ವರ ಯಾರಿಗೆ ಟೀಚರ್?"

"ಹಾಗೆ ಬರೆಯುವುದು ಒಂದು ಕ್ರಮ ಅಕ್ಕ. ನೀವು ಸಹಿ ಹಾಕಿದರೆ ಆಯ್ತು."

"ಬಾರದ ಜ್ವರ ಬಂದಿದೆ ಅಂತ ಹೆತ್ತವಳೇ ಸಹಿ ಹಾಕುದಾ? ಬೇಡಪ್ಪ. ನಾಳೆ ನಿಜವಾಗಿ ಬಂದ್ರೆ?"

ಮಾತಿನಲ್ಲಿ ಸೋತಾಗ ನನಗೆ ಸಿಟ್ಟು ಬರುತ್ತದೆ. ಚೀಲದಿಂದ ಉತ್ತರಪತ್ರಿಕೆ ಎಳೆದೆ. "ನೋಡಿ ನಿಮ್ಮ ಮಗಳ ಚಂದ! ಐದು ಗಂಟೆಗೆದ್ದು ನಾನು ಫೋನು ಮಾಡುವುದು ಇದಕ್ಕಾ?" ಎಂದು ಪುಟ ಬಿಡಿಸಿದೆ. ಆಗ ನಾನೂ ಅದನ್ನು ಮೊದಲ ಸಲ ನೋಡಿದೆ.

ಒಂಬತ್ತನೇ ಪ್ರಶ್ನೆ: ಸಹಾಯಕ ಸೈನ್ಯ ಪದ್ಧತಿ ಎಂದರೇನು? ಅವಳ ಉತ್ತರ: ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸುವ ವಸ್ತುವೇ ಆಮ್ಲ.

ಹದಿನೇಳನೇ ಪ್ರಶ್ನೆ: ಕೊರತೆ ಬಜೆಟ್ ಎಂದರೇನು? ಉತ್ತರ: ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಎರಡೂ ಬೇಕು.

ಇಪ್ಪತ್ನಾಲ್ಕು: ಅಲಿಪ್ತ ನೀತಿಯನ್ನು ವಿವರಿಸಿ. ಉತ್ತರ: ಓಮ್‌ನ ನಿಯಮ, ಕೆಳಗೆ ಅಡಿಗೆರೆ ಎಳೆದು ಸೂತ್ರ.

ಅಡಿಯಿಂದ ಮುಡಿಯವರೆಗೆ ಹೀಗೇ. ತಿದ್ದಿದವರು ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಎರಡನೇ ಪುಟದಲ್ಲಿ ಮೂರು ಚಿಹ್ನೆ. ಮೂರನೆಯದರಲ್ಲಿ 'ಇದು ಯಾವ ವಿಷಯ?' ಎಂದು ಬರೆದು, ಆಮೇಲೆ ಸುಮ್ಮನೆ ಸೊನ್ನೆ ಹಾಕುತ್ತಾ ಹೋಗಿದ್ದರು.

"ಎಂತ ಮಾರಾಯ್ತಿ ಇದು?" ನನ್ನ ಸ್ವರ ಪಕ್ಕದ ಮನೆಗೂ ಕೇಳಿರಬೇಕು. "ತಲೆ ಸರಿ ಉಂಟಾ ನಿನಗೆ?"

ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ಹೆದರಿದ್ದಳು, ಆದರೆ ತಪ್ಪು ಮಾಡಿದವಳ ಮುಖ ಅಲ್ಲ ಅದು.

"ಒಂಬತ್ತನೇ ಪ್ರಶ್ನೆಗೆ ಒಂಬತ್ತು ಬರ್ದದ್ದು ಟೀಚರ್."

"ಒಂಬತ್ತು ಅಂದರೆ?"

"ನಿಮ್ಮ ಪುಸ್ತಕದ ಒಂಬತ್ತು."

ನನಗೆ ಆಗಲೂ ತಲೆಗೆ ಹೋಗಲಿಲ್ಲ. "ಪ್ರಶ್ನೆ ಓದಲಿಲ್ವಾ ನೀನು?"

"ಓದಿದೆ ಟೀಚರ್. ಬೇರೆಯೇ ಇತ್ತು. ಆದ್ರೆ ನಂಬರೊಂದು ಸರಿ ಇದ್ರೆ ಸಾಕು, ಬೇರೆ ಎಂತ ಯೋಚನೆ ಮಾಡ್ಬೇಡಿ ಅಂತ ನೀವೇ ಹೇಳಿದ್ದಲ್ವಾ? ಟೆಸ್ಟಿನಲ್ಲೆಲ್ಲ ಹಾಗೆ ಬರ್ದದ್ದಕ್ಕೆ ರೈಟ್ ಕೊಟ್ಟಿದ್ರಿ." ಮತ್ತೆ ಹೇಳಿದಳು, "ಫೋನಿನಲ್ಲಿ ನೀವು ಪ್ರಶ್ನೆ ಕೇಳಿದ್ದೇ ಇಲ್ಲ ಅಲ್ವಾ ಟೀಚರ್. ನಂಬರ್ ಮಾತ್ರ ಕೇಳಿದ್ದು."

ನಾನು ಉತ್ತರಪತ್ರಿಕೆಯನ್ನು ಇನ್ನೊಮ್ಮೆ ತಿರುಗಿಸಿದೆ. ಒಂಬತ್ತು ಅಂಕ ಎಲ್ಲಿಂದ ಬಂತು? ಮೊದಲ ಎಂಟು ಪ್ರಶ್ನೆಗಳು ಸರಿಯಾದ್ದನ್ನು ಆರಿಸುವಂಥವು. ಅಲ್ಲಿ ನನ್ನ ಎರಡು ಸಾಲಿನ ಉತ್ತರ ತುರುಕಲು ಜಾಗವಿಲ್ಲ. ಅವಳೇ ಯೋಚಿಸಿ ಗುರುತು ಹಾಕಿದ್ದಳು, ಆರು ಸರಿ. ಕೊನೆಯ ನಕ್ಷೆಯಲ್ಲಿ ಮೂರು ಸರಿ. ನಾನು ಬಾಯಿಪಾಠ ಮಾಡಿಸದೇ ಬಿಟ್ಟ ಕಡೆಯಲ್ಲಿ ಮಾತ್ರ ಮಗುವಿಗೆ ಅಂಕ ಬಂದಿತ್ತು. ಉಳಿದ ಕಡೆ ನನ್ನ ಮಾತು ಅಕ್ಷರಶಃ ಪಾಲಿಸಿ ಸೊನ್ನೆ ತೆಗೆದಿದ್ದಳು. ವಿಜ್ಞಾನದ ಹನ್ನೊಂದೂ ಹೀಗೇ ಬಂದದ್ದಿರಬೇಕು. ನಾಚಿಕೆಗೇಡು. ಅವಳದ್ದಲ್ಲ.

ತಾಯಿಗೆ ಪೂರ್ತಿ ಅರ್ಥವಾಗಲಿಲ್ಲವೋ, ಅರ್ಥವಾಗಿಯೂ ನನ್ನ ಮರ್ಯಾದೆ ಉಳಿಸಿದರೋ ಗೊತ್ತಿಲ್ಲ. "ಅವಳು ನಿಮ್ಮ ಫೋನು ಬರುವ ಮೊದಲೇ ಎದ್ದು ಕೂತಿರ್ತಾಳೆ ಟೀಚರ್," ಎಂದರು. "ಮನೆಯಲ್ಲಿ ಇರುವುದು ಒಂದೇ ಫೋನು. ನಿಮ್ಮದು ಬರ್ತದೆ ಅಂತ ನಾನು ಅದನ್ನು ಇಲ್ಲೇ ಬಿಟ್ಟು ಮಲ್ಪೆಗೆ ಹೋಗುದು. ಯಾವ ಬೋಟು ಬಂತು, ಯಾರಲ್ಲಿ ಎಂತ ಮೀನುಂಟು ಅಂತ ಎಲ್ಲರಿಗೂ ಫೋನಿನಲ್ಲಿ ಗೊತ್ತಾಗ್ತದೆ, ನನಗೆ ಮಾತ್ರ ಇಲ್ಲ. ಹೋಗ್ಲಿ, ಮಗಳು ಕಲೀಲಿ ಅಂತ."

ಪತ್ರವನ್ನು ಹಿಂದಕ್ಕೆ ತೆಗೆದುಕೊಂಡೆ. ಹರಿಯಬೇಕೆಂದು ಕೈ ತುರಿಸಿತು. ಹರಿಯಲಿಲ್ಲ. ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗಿಟ್ಟೆ. "ಇನ್ನು ಮೇಲೆ ಫೋನು ನೀವೇ ತಗೊಂಡು ಹೋಗಿ ಅಕ್ಕ. ನಾನು ಇಲ್ಲಿಗೇ ಬರುತ್ತೇನೆ," ಎಂದೆ.

ಸೋಮವಾರ ಬೆಳಿಗ್ಗೆ ಹೆಡ್‌ಮಾಸ್ಟ್ರ ಮುಂದೆ ನಿಂತು ನಡೆದದ್ದೆಲ್ಲ ಹೇಳಿದೆ. ತಪ್ಪು ನನ್ನದು, ಮಗುವಿನದಲ್ಲ, ಪರೀಕ್ಷೆಗೆ ಇನ್ನೂ ನಾಲ್ಕು ವಾರ ಉಂಟು ಎಂದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಪಾಪ," ಎಂದರು. "ಸಹಿ ಆಯ್ತಾ?"

ಆ 'ಪಾಪ'ಕ್ಕೆ ನನಗೆ ಬಂದ ಕೋಪವನ್ನು ಬರೆಯಲು ಬರುವುದಿಲ್ಲ. ಬೈದಿದ್ದರೆ ಬೇಕಿತ್ತು. ಒಂದು ಮಗುವಿನ ವರ್ಷ ಹಾಳಾಗುವುದನ್ನು ನೆಗಡಿಯ ಸುದ್ದಿ ಕೇಳಿದಷ್ಟೇ ಸಲೀಸಾಗಿ ಕೇಳಿ ಫೈಲು ಮುಚ್ಚಿದರು. "ಆಗಲಿಲ್ಲ ಸರ್, ಆಗುವುದೂ ಇಲ್ಲ," ಎಂದು ಹೊರಗೆ ಬಂದೆ.

ಮರುದಿನದಿಂದ ಪಡುಬಿದ್ರಿಯಲ್ಲಿ ಹತ್ತಿದ ಬಸ್ಸಿನಿಂದ ಎರ್ಮಾಳಿನಲ್ಲೇ ಇಳಿಯತೊಡಗಿದೆ. ಏಳೂವರೆಯಿಂದ ಎಂಟೂವರೆಯವರೆಗೆ ಅವಳ ಮನೆಯ ಜಗಲಿ, ಆಮೇಲೆ ಇಬ್ಬರೂ ಒಟ್ಟಿಗೆ ಶಾಲೆಗೆ. ಉಳಿದ ಐವರನ್ನು ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡೆ. ಅವರಲ್ಲೂ ಇಬ್ಬರು ಅಲ್ಲೊಂದು ಇಲ್ಲೊಂದು ಕಡೆ ನಂಬರಿನ ಉತ್ತರ ಬರೆದಿದ್ದರು. ಅವರಿಗೆ ಮಧ್ಯದಲ್ಲಿ ಅನುಮಾನ ಬಂದು ಬಚಾವಾಗಿದ್ದರು. ಇವಳಿಗೆ ನನ್ನ ಮೇಲೆ ಅನುಮಾನ ಬರಲಿಲ್ಲ.

ಮೊದಲ ದಿನ ಕತ್ತರಿ ತೆಗೆದು ಆ ನೂರು ಪ್ರಶ್ನೆಯ ಪುಸ್ತಕವನ್ನು ಅವಳ ಎದುರೇ ಕತ್ತರಿಸಿದೆ. ಎಡಬದಿಯ ನಂಬರಿನ ಪಟ್ಟಿಯನ್ನು ಪೂರ್ತಿ ತೆಗೆದು ಒಲೆಗೆ ಹಾಕಿಸಿದೆ. ಪ್ರಶ್ನೆಗಳೆಲ್ಲ ಚೀಟಿಯಾದವು. ಉತ್ತರದ ಚೀಟಿ ಬೇರೆ. ಒಂದು ಪ್ರಶ್ನೆ ಎತ್ತಬೇಕು, ಅದು ಏನು ಕೇಳುತ್ತಿದೆ ಎಂದು ಮೊದಲು ತನ್ನ ಮಾತಿನಲ್ಲಿ, ತುಳುವಿನಲ್ಲಾದರೂ ಸರಿ, ಹೇಳಬೇಕು. ಆಮೇಲೆ ಉತ್ತರ. ಮೊದಲ ಮೂರು ದಿನ ನರಕ. ಚೀಟಿ ಎತ್ತಿದ ಕೂಡಲೇ ಅವಳು ಅದರ ಹಳೇ ನಂಬರು ನೆನಪಿಸಿಕೊಳ್ಳುತ್ತಿದ್ದಳು, ನಂಬರು ಸಿಕ್ಕಿದ ಮೇಲೆ ಉತ್ತರ ತಾನಾಗಿ ಉದುರುತ್ತಿತ್ತು. ಅರ್ಥ ಕೇಳಿದರೆ ಬಾಯಿಗೆ ಬೀಗ. ನಾನು ಕೂಗಾಡಿದೆ. ಅವಳು ಅತ್ತಳು. ನಾನು ಅವಳ ಮೇಲೆ ಕೂಗಿದ್ದಲ್ಲ ಎಂದು ಹೇಳುವಷ್ಟು ಬುದ್ಧಿ ನನಗೆ ಆಗ ಇರಲಿಲ್ಲ.

ನಾಲ್ಕನೇ ದಿನ ತುಕ್ಕಿನ ಚೀಟಿ ಬಂತು. ಗಾಳಿ ಮತ್ತು ನೀರು ಎರಡೂ ಬೇಕು ಎಂದು ಒಪ್ಪಿಸಿದಳು. ನನಗೆ ರೇಗಿತು. ಅವರ ಕಿಟಕಿಯ ಸರಳು ತೋರಿಸಿ, "ಇದು ಹೀಗೆ ಹುಡಿಹುಡಿಯಾದದ್ದು ಯಾಕೆ? ಕಾರ್ಕಳದ ನನ್ನ ಮನೆಯ ಸರಳು ಇದಕ್ಕಿಂತ ಹಳೆಯದು, ಚೆನ್ನಾಗಿಯೇ ಉಂಟು," ಎಂದೆ.

"ಇಲ್ಲಿ ಉಪ್ಪು ಗಾಳಿ ಅಲ್ವಾ ಟೀಚರ್. ಅದಕ್ಕೇ ಅಮ್ಮ ಪ್ರತಿ ವರ್ಷ ಪೈಂಟ್ ಹೊಡೀಬೇಕು ಅಂತ ಹೇಳುದು." ಹೇಳುತ್ತಾ ಹೇಳುತ್ತಾ ನಿಂತಳು. "ಓ. ಪೈಂಟ್ ಹೊಡೆದ್ರೆ ಗಾಳಿ, ನೀರು ತಾಗುದಿಲ್ಲ. ಎರಡೂ ಬೇಕು ಅಂದ್ರೆ ಅದಾ?"

ಅದೇ. ಅಷ್ಟೇ. ಒಂದು ವರ್ಷದಿಂದ ಅವಳು ಆ ವಾಕ್ಯವನ್ನು ನನಗೆ ಫೋನಿನಲ್ಲಿ ಒಪ್ಪಿಸುತ್ತಿದ್ದದ್ದು ತುಕ್ಕು ಹಿಡಿದ ಅದೇ ಕಿಟಕಿಯ ಪಕ್ಕ ಕೂತು.

ಆಮೇಲೆ ಗಾಡಿ ಹೊರಟಿತು, ನಿಧಾನಕ್ಕೆ. ಆಮ್ಲ, ಪ್ರತ್ಯಾಮ್ಲದ ದಿನ ತಾಯಿ ಮನೆಯಲ್ಲಿದ್ದರು. ಮೀನು ತೊಳೆದ ಕೈಗೆ ಲಿಂಬೆಹುಳಿ ಯಾಕೆ ತಿಕ್ಕುವುದು ಎಂದು ನಾನು ಕೇಳಿದರೆ, "ವಾಸನೆ ಹೋಗಲಿಕ್ಕೆ, ಇದನ್ನೂ ಟೀಚರ್ ಹೇಳಿಕೊಡ್ಬೇಕಾ?" ಎಂದು ಅವರು ನಕ್ಕರು. ಹುಡುಗಿ ತಟಸ್ಥೀಕರಣ ಎಂದಳು, ಸರಿಯಾಗಿ. ಪರೋಕ್ಷ ತೆರಿಗೆಗೆ ಹೊಸ ಟಬ್ಬಿನ ಬಿಲ್ಲು ತರಿಸಿ, ಅದರ ಕೆಳಗಿನ ಜಿಎಸ್‌ಟಿಯ ಸಾಲು ಓದಿಸಿದೆ. ತೆರಿಗೆ ಕಟ್ಟುವವನು ಅಂಗಡಿಯವನು, ಹೊರುವುದು ಅಮ್ಮ ಎಂದು ಅವಳೇ ಹೇಳಿದಳು. ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳನ್ನು ವಿವರಿಸಿದಾಗ ಸ್ವಲ್ಪ ಹೊತ್ತು ಯೋಚಿಸಿ, "ಅಂದ್ರೆ ಸೈನ್ಯ ಅವರದ್ದು, ಊಟ ಮಾತ್ರ ಇವರದ್ದು. ಯಾವ ರಾಜ ಒಪ್ಪಿದ್ದು ಟೀಚರ್ ಇದಕ್ಕೆ? ಮಂಡೆ ಇರ್ಲಿಲ್ವಾ?" ಎಂದಳು. ಇಪ್ಪತ್ತೆರಡು ವರ್ಷ ಆ ಪಾಠ ಮಾಡಿದ್ದೇನೆ, ಒಂದು ಮಗುವೂ ರಾಜನ ಮೇಲೆ ಸಿಟ್ಟಾದದ್ದಿಲ್ಲ.

ಇಷ್ಟೆಲ್ಲ ಆಗಿಯೂ ವಿಜ್ಞಾನದಲ್ಲಿ ಅರ್ಧದಷ್ಟು ಪಾಠ ಅವಳಿಗೆ ಹೊಸದು. ಅನುವಂಶೀಯತೆ ನನಗೇ ನೆಟ್ಟಗೆ ಬರುವುದಿಲ್ಲ. ಅತಿಥಿ ಶಿಕ್ಷಕಿಯನ್ನು ಬಸ್ ಸ್ಟಾಪಿನಲ್ಲಿ ಹಿಡಿದು ಹೇಳಿಸಿಕೊಂಡು, ಮರುದಿನ ಹೇಳಿಕೊಡುತ್ತಿದ್ದೆ. ಹುದ್ದೆ ತುಂಬದವರಿಗೆ ದಾರಿಯುದ್ದಕ್ಕೂ ಶಾಪ ಹಾಕುತ್ತಿದ್ದೆ.

ಹಾಲ್ ಟಿಕೆಟ್ ಹಂಚುವ ದಿನ ಬಂತು. ಹೆಡ್‌ಮಾಸ್ಟ್ರು ಸಹಿ ಮಾಡಿ, ಶಾಲೆಯ ಸೀಲು ಹೊಡೆದು ಕೊಡಬೇಕು. ಆ ಸೀಲಿಲ್ಲದೆ ಪರೀಕ್ಷಾ ಕೊಠಡಿಯ ಬಾಗಿಲು ದಾಟಲಾಗದು. ಮಕ್ಕಳೆಲ್ಲ ಸಾಲಾಗಿ ನಿಂತು ತೆಗೆದುಕೊಂಡರು. ಎರ್ಮಾಳಿನವಳ ಸರದಿ ಬಂದಾಗ ಕಟ್ಟು ಖಾಲಿ.

"ನಿಂದು ಆಮೇಲೆ," ಎಂದರು ಹೆಡ್‌ಮಾಸ್ಟ್ರು, ಅದೇ ಮೆತ್ತಗಿನ ದನಿಯಲ್ಲಿ. ಅವಳು ನನ್ನ ಕಡೆ ತಿರುಗಿ ನೋಡಿದಳು.

ನಾನು ಜಗಳಕ್ಕೆ ಹೋಗಲಿಲ್ಲ. ಜೀವನದಲ್ಲಿ ಮೊದಲ ಸಲ ಇರಬೇಕು. ಸ್ಟಾಫ್ ರೂಮಿಗೆ ಹೋಗಿ ಪರ್ಸಿನಿಂದ ಆ ನಾಲ್ಕು ಮಡಿಕೆಯ ಪತ್ರ ತೆಗೆದೆ. ಸಹಿಗೆ ಬಿಟ್ಟ ಖಾಲಿ ಜಾಗದ ಕೆಳಗೆ, ಅದೇ ದುಂಡಗಿನ ಅಕ್ಷರದಲ್ಲಿ ಬರೆದೆ: 'ಮೇಲಿನ ಪತ್ರವನ್ನು ಮುಖ್ಯೋಪಾಧ್ಯಾಯರ ಸೂಚನೆಯಂತೆ ಬರೆದವಳು ನಾನು. ವಿದ್ಯಾರ್ಥಿನಿಗೆ ಯಾವ ಕಾಯಿಲೆಯೂ ಇಲ್ಲ. ತಾಯಿ ಸಹಿ ಹಾಕಲು ಒಪ್ಪಿಲ್ಲ. ಹಾಲ್ ಟಿಕೆಟ್ ಕೊಟ್ಟಿಲ್ಲ.' ಹೆಸರು, ಸಹಿ, ದಿನಾಂಕ. ಅದನ್ನು ಹಿಡಿದು ಆಫೀಸಿನ ಕ್ಲರ್ಕ್ ಹತ್ತಿರ ಹೋದೆ.

"ಇದನ್ನು ಇನ್‌ವರ್ಡ್ ಮಾಡಿ ಕೊಡಿ," ಎಂದೆ. ಶಾಲೆಗೆ ಬಂದ ಪತ್ರಗಳನ್ನೆಲ್ಲ ಆ ದೊಡ್ಡ ಪುಸ್ತಕದಲ್ಲಿ ದಾಖಲಿಸಿ ನಂಬರು ಹಾಕುತ್ತಾರೆ. ಒಮ್ಮೆ ನಂಬರು ಬಿದ್ದರೆ ಆ ಪತ್ರ ಇರಲೇ ಇಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಕ್ಲರ್ಕ್ ಓದಿದರು. "ಟೀಚರ್, ಇದು ಬೇಕಾ? ಸರ್‌ಗೆ ತೋರಿಸಿ ಮಾಡುವ."

"ಮೊದಲು ನಂಬರು ಹಾಕಿ. ತೋರಿ‌ಸುವುದು ಆಮೇಲೆ."

ಅವರು ಎರಡು ಸಲ ಪೆನ್ನು ಎತ್ತಿ ಇಟ್ಟರು. ಕೊನೆಗೆ ನಂಬರು ಬರೆದು ಸೀಲು ಒತ್ತಿದರು. ಜೆರಾಕ್ಸಿನ ಮೇಲೂ ಒತ್ತಿಸಿಕೊಂಡೆ. ಆಮೇಲೆ ಹೆಡ್‌ಮಾಸ್ಟ್ರ ಮೇಜಿನ ಮೇಲಿಟ್ಟೆ.

ಅವರು ಓದುವಾಗ ಕಿವಿ ಕೆಂಪಾಯಿತು. ದನಿ ಮಾತ್ರ ಏರಲಿಲ್ಲ. "ಟೀಚರ್, ಇದು ನಿಮಗೂ ಒಳ್ಳೇದಲ್ಲ. ಹಿಂದಿನ ಪತ್ರಗಳಲ್ಲೂ ನಿಮ್ಮ ಅಕ್ಷರವೇ ಉಂಟು."

"ಗೊತ್ತುಂಟು ಸರ್. ಅವೂ ಹೊರಗೆ ಬರಲಿ. ಇದು ಇಲ್ಲಿ ಮುಗಿಯದಿದ್ದರೆ ನಾಳೆ ಬಿಇಒ ಆಫೀಸಿಗೆ ಹೋಗುತ್ತದೆ."

ಅವರು ಪತ್ರವನ್ನು ಮಡಚಿಟ್ಟರು. ಆಮೇಲೆ ಡ್ರಾಯರ್ ತೆಗೆದು ಹಾಲ್ ಟಿಕೆಟ್ ಹೊರತೆಗೆದರು, ಸಹಿ ಮಾಡಿದರು, ಸೀಲು ಹೊಡೆದರು. "ಒಂದು ಮಗುವಿಗೋಸ್ಕರ ಇಡೀ ಶಾಲೆಯ ಹೆಸರು," ಎಂದರು. ಅವರಿಗೆ ನಿಜವಾಗಿಯೂ ನೋವಾಗಿತ್ತು, ಅದನ್ನು ನೋಡಿ ನನ್ನ ಸಿಟ್ಟು ಇನ್ನೂ ಹೆಚ್ಚಾಯಿತು.

ಹುಡುಗಿ ಪರೀಕ್ಷೆ ಬರೆದಳು. ಸಮಾಜ ವಿಜ್ಞಾನದ ದಿನ ಹೊರಗೆ ಬಂದು, "ಪ್ರಶ್ನೆ ಓದಿದೆ ಟೀಚರ್. ಎರಡೆರಡು ಸಲ," ಎಂದಳು. ಫಲಿತಾಂಶದ ಬೆಳಿಗ್ಗೆ ಮಲ್ಪೆಯಿಂದ ಫೋನು ಬಂತು. ಹಿಂದೆ ಏಲಂ ಕೂಗುವವರ ಗದ್ದಲ, ಅದರ ಮೇಲೆ ತಾಯಿಯ ಸ್ವರ. "ಟೀಚರ್, ಪಾಸಂತೆ! ಎಲ್ಲದರಲ್ಲೂ!" ವಿಜ್ಞಾನದಲ್ಲಿ ಅಂಚಿಗೆ ಬಂದು ನಿಂತಿದ್ದಳು. ಸಮಾಜ ವಿಜ್ಞಾನದಲ್ಲಿ ನಲವತ್ತೊಂದು.

ಅವಳೂ ಪಾಸಾದದ್ದರಿಂದ ನಮ್ಮ ಶಾಲೆಗೆ ಸತತ ಹತ್ತನೇ ವರ್ಷ ಶೇಕಡಾ ನೂರು. ಹೆದ್ದಾರಿಯ ಬದಿಯಲ್ಲಿ ಫ್ಲೆಕ್ಸು ಎದ್ದಿತು. ಅದರಲ್ಲಿ ಹೆಡ್‌ಮಾಸ್ಟ್ರ ಫೋಟೊ, ಅದರ ಪಕ್ಕ ಸಣ್ಣದಾಗಿ ನಮ್ಮೆಲ್ಲರದ್ದು. ಸಭೆ ಮಾಡಿ ಅವರಿಗೆ ಶಾಲು ಹೊದಿಸಿದರು. 'ಒಂದು ಮಗುವನ್ನೂ ಕೈಬಿಡದ ಶಾಲೆ' ಎಂದು ಅತಿಥಿಗಳು ಹೊಗಳಿದರು. ನನ್ನನ್ನೂ ವೇದಿಕೆಗೆ ಕರೆದರು. ನಾನು ಎದ್ದು ಹಿಂದಿನ ಬಾಗಿಲಿನಿಂದ ಆಫೀಸಿಗೆ ಹೋದೆ.

"ಹಳೆಯ ಜ್ವರದ ಪತ್ರಗಳ ಫೈಲು ಕೊಡಿ," ಎಂದೆ ಕ್ಲರ್ಕ್ ಹತ್ತಿರ.

ಅವರು ಈ ಸಲ ಕೂಡಲೇ ತೆಗೆದುಕೊಟ್ಟರು. ಹಿಂದಿನ ಮೂರು ವರ್ಷಗಳ ನಾಲ್ಕು ಪತ್ರಗಳಿದ್ದವು, ಅದಕ್ಕಿಂತ ಹಳೆಯವು ಇರಲಿಲ್ಲ. ನಾಲ್ಕರಲ್ಲೂ ನನ್ನ ದುಂಡಗಿನ ಅಕ್ಷರ, ಕೆಳಗೆ ನಾಲ್ಕು ಬೇರೆ ಬೇರೆ ಸಹಿ. ಒಂದು ಸಹಿ ಹೆಬ್ಬೆಟ್ಟು. ಈ ನಾಲ್ವರ ಉತ್ತರಪತ್ರಿಕೆಯನ್ನು ನಾನು ಯಾವತ್ತೂ ಬಿಡಿಸಿ ನೋಡಿರಲಿಲ್ಲ. ಅವರೂ ಒಂಬತ್ತಕ್ಕೆ ಒಂಬತ್ತು ಬರೆದಿದ್ದರೇ? ಇನ್ನು ಯಾರಿಗೂ ಗೊತ್ತಾಗುವುದಿಲ್ಲ, ಆ ಪೇಪರುಗಳೆಲ್ಲ ಗುಜರಿಗೆ ಹೋಗಿವೆ.

ಎರಡನೇ ಪರೀಕ್ಷೆಗೆ ಅರ್ಜಿ ಹಾಕಲು ಕೆಲವೇ ದಿನ ಉಳಿದಿತ್ತು. ನಾಲ್ಕು ಫಾರ್ಮು ತೆಗೆದುಕೊಂಡು ಮೊದಲು ಶಿರ್ವದವಳನ್ನು ಹುಡುಕಿದೆ. ಉಡುಪಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದು ಗೊತ್ತಾಯಿತು. ಹೋದಾಗ ಕೌಂಟರಿನ ಆಚೆ ಬಿಚ್ಚಿದ ಸೀರೆಗಳ ರಾಶಿ ಮಡಚುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ತರಗತಿಯಲ್ಲಿ ನಿಂತ ಹಾಗೆಯೇ.

"ಸೀರೆ ಬೇಕಿತ್ತಾ ಟೀಚರ್?"

"ಬೇಡ. ನಿನಗೆ ಪರೀಕ್ಷೆ ಕಟ್ಟಿಸುವ ಅಂತ ಬಂದೆ. ಫಾರ್ಮ್ ತಂದಿದ್ದೇನೆ. ನಾನೇ ಹೇಳಿಕೊಡುತ್ತೇನೆ, ಭಾನುವಾರ ಬಾ."

ಅವಳು ಫಾರ್ಮನ್ನು ಮುಟ್ಟಲಿಲ್ಲ. ಮಡಚುತ್ತಿದ್ದ ಸೀರೆಯ ಅಂಚು ಸರಿಮಾಡಿದಳು.

"ಆವತ್ತು ನನಗೆ ಜ್ವರ ಇರ್ಲಿಲ್ಲ ಟೀಚರ್."

"ಗೊತ್ತುಂಟು."

"ಪರೀಕ್ಷೆಯ ದಿನ ಯೂನಿಫಾರ್ಮ್ ಹಾಕಿ ಮನೆಯಲ್ಲೇ ಕೂತಿದ್ದೆ. ಯಾರಾದ್ರೂ ಫೋನ್ ಮಾಡಿ ಬಾ ಅಂತ ಹೇಳ್ತಾರೇನೋ ಅಂತ. ನೀವು ದಿನಾ ಮಾಡ್ತಿದ್ರಲ್ಲ, ಐದು ಗಂಟೆಗೆ."

ಅಂಗಡಿಯವರು ಅತ್ತ ಕಡೆಯಿಂದ ಕೆಮ್ಮಿದರು. ನಾನು ಕದಲಲಿಲ್ಲ. ತಪ್ಪಾಯಿತು ಎಂದೆ. ನನ್ನ ಕಿವಿಗೇ ಕೇಳದಷ್ಟು ಸಣ್ಣಗೆ ಬಂತು, ಅದಕ್ಕೇ ಇನ್ನೊಮ್ಮೆ ಜೋರಾಗಿ ಹೇಳಿದೆ. ಗಿರಾಕಿಯೊಬ್ಬರು ತಿರುಗಿ ನೋಡಿದರು. ನೋಡಲಿ.

ಅವಳು ಫಾರ್ಮು ತೆಗೆದುಕೊಂಡು ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಅದನ್ನು ನನ್ನ ಕಡೆಗೇ ತಿರುಗಿಸಿ, ಬಿಲ್ಲು ಬರೆಯುವ ಪೆನ್ನನ್ನು ಅದರ ಮೇಲಿಟ್ಟಳು.

"ಆ ಪತ್ರ ನೀವೇ ಬರ್ದದ್ದಲ್ವಾ ಟೀಚರ್," ಎಂದಳು. "ಇದನ್ನೂ ನೀವೇ ಬರೀರಿ."

ಕೌಂಟರಿನ ಮೇಲಿದ್ದ ಸೀರೆಗಳನ್ನು ಸ್ವಲ್ಪ ಸರಿಸಿ, ನಿಂತಲ್ಲೇ ಅವಳ ಹೆಸರು ಬರೆಯಲು ಶುರುಮಾಡಿದೆ.